ಶ್ರೀಮಂತರ ಬೆಳಗು, ನಮ್ಮನೆಯ ಒಲೆ

ನಾನು ಫೋನಿನಲ್ಲಿ ಮಾತಾಡುವಾಗಲೂ ಸೆರಗು ಸರಿಮಾಡಿಕೊಳ್ಳುವವಳು. ಆ ಕಡೆಯವರಿಗೆ ನೀನು ಕಾಣುವುದಿಲ್ಲ ಎಂದು ಮೊಮ್ಮಗಳು ನೇತ್ರಾ ಎಷ್ಟು ಸಲ ಹೇಳಿದರೂ ಕೈ ತಾನಾಗಿಯೇ ತಲೆಯ ಕಡೆ ಹೋಗುತ್ತದೆ. ಇಂಥವಳು ಮೊಮ್ಮಕ್ಕಳಿಗೆಲ್ಲ ಒಂದು ವಿಚಾರ ಬರೆದು ತಿಳಿಸಲು ಕೂತಿದ್ದೇನೆ ಅಂದರೆ ನನಗೇ ನಗು ಬರುತ್ತದೆ. ಊರ ಶಾಲೆಯಲ್ಲಿ ಏಳನೆಯ ಇಯತ್ತೆಗೆ ಮುಗಿದ ಓದು ನನ್ನದು. ಸಾಲು ಸೊಟ್ಟಗಾಗಿದ್ದರೆ ತಪ್ಪನ್ನು ನನ್ನ ಕನ್ನಡಕದ ಮೇಲೆ ಹಾಕಿಬಿಡಿ, ಮಕ್ಕಳೇ.

ವಿಚಾರ ಇಷ್ಟೆ. ಶ್ರೀಮಂತರು ಬೆಳಿಗ್ಗೆ ಎದ್ದು ಏನೇನು ಮಾಡುತ್ತಾರೋ ಅದನ್ನು ನಾವೂ ಮಾಡಿದರೆ ನಮಗೂ ಒಳ್ಳೆಯದಾಗುತ್ತದೆಯೇ?

ಈ ಪ್ರಶ್ನೆ ನವಲಗುಂದದ ಹತ್ತಿರದ ನಮ್ಮ ಸಣ್ಣ ಊರಿಗೆ ಬಂದದ್ದು ನೇತ್ರಾಳ ಮೊಬೈಲಿನಿಂದ. ಕೋಟು ಹಾಕಿದ ಒಬ್ಬ ಮನುಷ್ಯ ಅದರಲ್ಲಿ ಕೈ ಬೀಸಿ ಬೀಸಿ ಹೇಳುತ್ತಿದ್ದ. ಕೋಟ್ಯಧೀಶರೆಲ್ಲ ಸೂರ್ಯನಿಗಿಂತ ಮೊದಲು ಏಳುತ್ತಾರಂತೆ. ಎದ್ದು ಒಂದು ತಾಸು ಏನೂ ಮಾಡದೆ ಸುಮ್ಮನೆ ಕೂಡುತ್ತಾರಂತೆ. ನಾಳೆಯ ಕೆಲಸದ ತಯಾರಿಯನ್ನು ಇವತ್ತೇ ಮುಗಿಸುತ್ತಾರಂತೆ. ಮೊಬೈಲು ಮುಟ್ಟುವುದೇ ಇಲ್ಲವಂತೆ. ಈ ಕೊನೆಯ ಮಾತನ್ನು ಅವನು ಮೊಬೈಲಿನೊಳಗಿಂದಲೇ ಹೇಳಿದ.

ನನ್ನ ಸೊಸೆ, ನೇತ್ರಾಳ ತಾಯಿ ಶೋಭಾ, ರೊಟ್ಟಿ ಬಡಿಯುತ್ತಲೇ ಕೇಳುತ್ತಿದ್ದಳು.

"ಅವರ ಮನ್ಯಾಗ ರೊಟ್ಟಿ ಯಾರ ಬಡೀತಾರಂತ? ಅದನ್ನೂ ಕೇಳು ಅವಂಗ" ಅಂದಳು.

"ಅವರು ರೊಟ್ಟಿ ತಿನ್ನಂಗಿಲ್ಲಬೇ."

"ಅದಕ್ಕ ಮತ್ತ. ಹೊಟ್ಯಾಗ ರೊಟ್ಟಿ ಇಲ್ಲಂದ್ರ ಏಳಾಕ ಶಕ್ತಿ ಎಲ್ಲಿಂದ ಬರಬೇಕು? ಕುಂತಲ್ಲೇ ಕುಂತಿರತಾರ."

ಹೀಗೆ ನಕ್ಕಳೇನೋ ನಿಜ. ಆದರೆ ಆ ಒಂದು ತಾಸು ಸುಮ್ಮನೆ ಕೂಡುವ ಮಾತು ಅವಳ ಮನಸ್ಸಿಗೆ ಅಂಟಿಕೊಂಡಿತು. ಯಾಕೆ ಅಂಟಿತು ಎಂದು ನಿಮಗೆ ಗೊತ್ತಾಗಬೇಕಾದರೆ ಅವಳ ಬೆಳಗು ಹೇಗಿರುತ್ತದೆ ಎಂದು ಹೇಳಬೇಕು. ಹುಬ್ಬಳ್ಳಿಯಲ್ಲಿ ಗಿರಿಜಕ್ಕ ಎಂಬಾಕೆಯ ಖಾನಾವಳಿ ಇದೆ. ಅಲ್ಲಿಗೆ ದಿನಾ ಒಂದು ಬುಟ್ಟಿ ಜೋಳದ ರೊಟ್ಟಿ ಶೋಭಾಳ ಕೈಯಿಂದ ಹೋಗುತ್ತದೆ. ಮೊದಲ ಬಸ್ಸಿನ ಕಂಡಕ್ಟರ್ ಬುಟ್ಟಿಯನ್ನು ಡ್ರೈವರ್ ಸೀಟಿನ ಹಿಂದೆ ಇಟ್ಟುಕೊಂಡು ಒಯ್ಯುತ್ತಾನೆ. ಬರುವ ಶ್ರಾವಣದಿಂದ ಎರಡು ಬುಟ್ಟಿ ಬೇಕಾಗಬಹುದು ಎಂದು ಗಿರಿಜಕ್ಕ ಹೇಳಿದ್ದಳು. ಹಾಗಾದರೆ ಓಣಿಯ ಇನ್ನಿಬ್ಬರು ಹೆಣ್ಣುಮಕ್ಕಳನ್ನು ಜೊತೆಗೆ ಕರೆದುಕೊಂಡು ದೊಡ್ಡದಾಗಿ ಮಾಡಬೇಕೆಂಬುದು ಶೋಭಾಳ ಆಸೆ. ಈ ಆಸೆಗಾಗಿ ಅವಳು ಕೋಟ್ಯಧೀಶರಿಗಿಂತ ಮೊದಲೇ ಏಳುತ್ತಿದ್ದಳು. ಸುಮ್ಮನೆ ಕೂಡುವುದೊಂದೇ ಬಾಕಿ ಉಳಿದಿತ್ತು.

ನಾನು ಅವತ್ತು ಅವರಿಬ್ಬರಿಗೂ ನಮ್ಮೂರ ವಾಡೆಯ ಗೌಡಶಾನಿಯ ಸಂಗತಿ ಹೇಳಿದೆ. ನಿಮಗೂ ಹೇಳುತ್ತೇನೆ.

ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಊರಿಗೆಲ್ಲ ಶ್ರೀಮಂತರೆಂದರೆ ವಾಡೆ ಎನ್ನುವ ಆ ದೊಡ್ಡ ಮನೆಯ ಗೌಡರೇ. ಅವರ ಹೆಂಡತಿ ಗೌಡಶಾನಿ ದಿನಾ ಬೆಳಿಗ್ಗೆ ಪಡಸಾಲೆಯ ತೂಗುಮಂಚದ ಮೇಲೆ ಕಣ್ಣು ಮುಚ್ಚಿ, ಮೆಲ್ಲಗೆ ತೂಗುತ್ತಾ ಕೂತಿರುತ್ತಿದ್ದಳು. ನೀರಿಗೆ ಹೋಗುವ ಹೆಂಗಸರು ಬಾಗಿಲಿನಿಂದ ಅದನ್ನು ನೋಡುತ್ತಿದ್ದರು. ಲಕ್ಷ್ಮಿ ಆ ಮನೆಯಲ್ಲಿ ಕಾಲು ಮುರಿದುಕೊಂಡು ಬಿದ್ದಿರುವುದಕ್ಕೆ ಇದೇ ಕಾರಣ ಎಂದು ಓಣಿಯಲ್ಲೆಲ್ಲ ನಿರ್ಧಾರವಾಯಿತು. ನಮ್ಮ ಅತ್ತೆ ತಡಮಾಡಲಿಲ್ಲ. ತೊಲೆಗೆ ಹಗ್ಗ ಕಟ್ಟಿಸಿ, ಹಳೆಯ ಹಲಗೆಯೊಂದನ್ನು ಇಳಿಬಿಡಿಸಿ, ಮರುದಿನ ನಸುಕಿನಲ್ಲಿ ಕಣ್ಣು ಮುಚ್ಚಿ ಕೂತೇಬಿಟ್ಟರು. ನಮ್ಮದು ವಾಡೆಯಲ್ಲ. ಒಂದೇ ಬಾಗಿಲಿನಲ್ಲಿ ನಾವೂ ಎಮ್ಮೆಯೂ ಒಳಗೆ ಬರುವ ಮನೆ. ಹಲಗೆ ಮುಂದಕ್ಕೆ ತೂಗಿದಾಗ ಅತ್ತೆಯ ಕಾಲು ಎಮ್ಮೆಯ ಪಕ್ಕೆಗೆ ಬಡಿಯಿತು. ಬೆದರಿದ ಎಮ್ಮೆ ಅವತ್ತು ಹಾಲು ಕೊಡಲಿಲ್ಲ. ಲಕ್ಷ್ಮಿಯನ್ನು ಕರೆಯಲು ಹೋಗಿ ಮನೆಯಲ್ಲಿದ್ದ ಒಬ್ಬಳೇ ಲಕ್ಷ್ಮಿಯನ್ನು ಒದ್ದಂತಾಯಿತು ಎಂದು ನಮ್ಮ ಮಾವ ತಿಂಗಳುಗಟ್ಟಲೆ ಆಡಿಕೊಂಡರು.

ಬಹಳ ವರ್ಷಗಳ ಮೇಲೆ, ಗೌಡಶಾನಿ ಮುದುಕಿಯಾದಾಗ, ಒಂದು ಸಲ ಅರಿಷಿಣ ಕುಂಕುಮಕ್ಕೆ ಹೋದವಳು ನಾಚಿಕೆ ಬಿಟ್ಟು ಆ ತೂಗುಮಂಚದ ಮಾತು ತೆಗೆದೆ. ಆಕೆ ಬಿದ್ದು ಬಿದ್ದು ನಕ್ಕಳು.

"ಧ್ಯಾನ ಅಲ್ಲಬೇ ಹುಚ್ಚಿ, ಮುಂಜಾನೆದ್ರ ನನಗ ಅರೆತಲಿ ಸಿಡೀತಿತ್ತು. ಕಣ್ಣ ತೆರೆದ್ರ ಬೆಳಕ ಚುಚ್ಚತಿತ್ತು. ಒಳಗ ನಾಕು ಮಂದಿ ಕೆಲಸಾ ಮಾಡಾವ್ರು ಇದ್ರು, ಅದಕ್ಕ ನಾ ಕುಂಡ್ರತಿದ್ನಿ. ಇಲ್ಲಂದ್ರ ತಲಿಗೆ ಪಟ್ಟಿ ಕಟ್ಟಿಕೊಂಡು ನಾನೂ ಒಲಿ ಮುಂದನ ಇರತಿದ್ನಿ."

ನೋಡಿ, ಆಕೆಯ ಬೇನೆಯ ಉಪಾಯವನ್ನು ಓಣಿಯೆಲ್ಲ ಭಾಗ್ಯದ ಉಪಾಯ ಎಂದುಕೊಂಡಿತ್ತು. ಆ ಕೋಟಿನವನು ಹೇಳಿದ ದೊಡ್ಡವರಲ್ಲೂ ಎಷ್ಟು ಮಂದಿ ನಿದ್ದೆ ಬಾರದೆ ನಸುಕಿನಲ್ಲಿ ಏಳುತ್ತಾರೋ ಯಾರಿಗೆ ಗೊತ್ತು. ಇನ್ನೊಂದು ಮಾತೂ ನನಗೆ ಅನ್ನಿಸುತ್ತದೆ. ನಸುಕಿನಲ್ಲಿ ಏಳುವುದು, ಸ್ನಾನ ಮಾಡಿ ವಿಭೂತಿ ಹಚ್ಚಿಕೊಳ್ಳುವುದು, ಲಿಂಗಪೂಜೆಗೆ ಮೌನವಾಗಿ ಕೂಡುವುದು ನಮ್ಮಂಥವರ ಮನೆಗಳಿಗೆ ಹೊಸತೇನಲ್ಲ. ನಮ್ಮ ಮಾವ ಸಾಯುವ ಹಿಂದಿನ ದಿನದವರೆಗೂ ಕೂತರು. ಅದರಿಂದ ಏನು ಬಂತು ಎಂದು ಅವರನ್ನು ಯಾರೂ ಕೇಳಲಿಲ್ಲ, ಏನಾದರೂ ಬರಬೇಕೆಂದು ಅವರೂ ಕೂಡಲಿಲ್ಲ. ಈಗ ಸುಮ್ಮನೆ ಕೂಡುವುದಕ್ಕೂ ಫಸಲು ಬರಬೇಕೆನ್ನುತ್ತಾರೆ. ಹತ್ತಿ ಬಿತ್ತಿದವರಿಗೇ ಫಸಲಿನ ಖಾತ್ರಿ ಇಲ್ಲದಿರುವಾಗ ಕಣ್ಣು ಮುಚ್ಚಿದವರಿಗೆ ಯಾರು ಕೊಡುತ್ತಾರೆ?

ನೇತ್ರಾ ನನ್ನ ಕಥೆಗೆ ಹೊಟ್ಟೆ ಹಿಡಿದು ನಕ್ಕು, "ಆಯಿ, ಅದು ಬ್ಯಾರೆ ಕಾಲ" ಅಂದಳು. ಶೋಭಾ ಮರುದಿನವೇ ಪಡಸಾಲೆಯಲ್ಲಿ ಜಮಖಾನೆ ಹಾಸಿ ಕೂತಳು. ಕಣ್ಣು ಮುಚ್ಚಿತ್ತು, ಕಿವಿ ಮುಚ್ಚಿರಲಿಲ್ಲ. ನಳದಲ್ಲಿ ನೀರು ಬಂದ ಸದ್ದಾಯಿತು, ಎದ್ದಳು. ಮತ್ತೆ ಕೂತಳು. ಎಮ್ಮೆ ಒದರಿತು, ಎದ್ದಳು. ಹೀಗೆ ಕೂತು ಎದ್ದು ಮಾಡುವುದು ಶಾಲೆಯಲ್ಲಿ ಮಾಸ್ತರರು ಕೊಡುತ್ತಿದ್ದ ಶಿಕ್ಷೆಯಂತೆ ಕಂಡಿತೇ ಹೊರತು ಶ್ರೀಮಂತಿಕೆಯಂತೆ ಕಾಣಲಿಲ್ಲ.

ತಾಯಿಯ ಪಾಡು ನೋಡಿ ನೇತ್ರಾ ತಾನೇ ಒಂದು ಉಪಾಯ ಹೂಡಿದಳು. ನಾಳೆಯ ತಯಾರಿ ಇವತ್ತೇ ಮುಗಿಸಬೇಕು ಎಂದು ಕೋಟಿನವನು ಹೇಳಿದ್ದನಲ್ಲ. ಅವಳು ಯಾರಿಗೂ ಹೇಳದೆ ಸಂಜೆಯೇ ಬುಟ್ಟಿಗಾಗುವಷ್ಟು ಹಿಟ್ಟನ್ನೆಲ್ಲ ದೊಡ್ಡ ತಟ್ಟೆಯಂಥ ಪರಾತದಲ್ಲಿ ನಾದಿ, ಹಸಿ ಬಟ್ಟೆ ಮುಚ್ಚಿ, ಮೂಲೆಗೆ ಇಟ್ಟಳು. ಚಪಾತಿಯ ಹಿಟ್ಟನ್ನು ಹಾಗೆ ಇಡುವುದನ್ನು ಅವಳು ನೋಡಿದ್ದಳು. ಹುಟ್ಟಿದಾಗಿನಿಂದ ಜೋಳದ ರೊಟ್ಟಿ ತಿಂದವಳಿಗೆ ಜೋಳದ ಹಿಟ್ಟಿನ ಸ್ವಭಾವ ಮಾತ್ರ ಗೊತ್ತಿರಲಿಲ್ಲ. ಅದಕ್ಕೆ ಕುದಿಯುವ ನೀರು ಹಾಕಿ ನಾದಿದ ಕೂಡಲೇ ಬಡಿಯಬೇಕು. ಗೋದಿಯ ಹಾಗೆ ಅದು ಯಾರಿಗಾಗಿಯೂ ಕಾಯುವುದಿಲ್ಲ.

ಬೆಳಿಗ್ಗೆ ಶೋಭಾ ಬಟ್ಟೆ ತೆಗೆದರೆ ಹುಳಿ ವಾಸನೆ. ಉಂಡೆ ಕಟ್ಟಿ ಬಡಿದರೆ ರೊಟ್ಟಿ ಅಂಚಿನಿಂದ ನಡುವಿನವರೆಗೆ ಬಿರಿಯಿತು. ಇನ್ನೊಂದೂ ಹಾಗೇ ಆಯಿತು. ಮನೆಯಲ್ಲಿ ಬೇರೆ ಹಿಟ್ಟಿಲ್ಲ, ಗಿರಣಿ ತೆರೆಯುವುದು ಹೊತ್ತೇರಿದ ಮೇಲೆ.

"ಯಾರ ನಾದಿದ್ರು ಇದನ್ನ?" ಎಂದು ಮೆಲ್ಲಗೆ ಕೇಳಿದಳು.

"ನಿನಗ ಒಂದೀಟು ಕುಂಡ್ರಾಕ ಹೊತ್ತು ಸಿಗಲಿ ಅಂತ ನಾನ..." ಎನ್ನುವಷ್ಟರಲ್ಲಿ ನೇತ್ರಾ ಅಳತೊಡಗಿದಳು.

ಶೋಭಾ ಬೈಯಲಿಲ್ಲ. ಬಸ್ಸು ಎಂದಿಗಿಂತ ಹೆಚ್ಚು ಹೊತ್ತು ನಿಂತು, ಹಾರ್ನು ಹಾಕಿ ಹಾಕಿ, ಕಡೆಗೆ ಹೊರಟುಹೋಯಿತು. ಆ ಸದ್ದು ದೂರವಾಗುವವರೆಗೂ ಅವಳು ಪರಾತದ ಮುಂದೆ ಕೂತೇ ಇದ್ದಳು. ಅವತ್ತೊಂದು ದಿನ ಅವಳು ನಿಜವಾಗಿ ಏನೂ ಮಾಡದೆ ಕೂತಳು. ಆದರೆ ಅಂಥ ಕೂಡುವಿಕೆ ಯಾವ ಶತ್ರುವಿಗೂ ಬೇಡ.

ಬಸ್ಸು ಹುಬ್ಬಳ್ಳಿ ಮುಟ್ಟುವ ಹೊತ್ತಿಗೆ ಫೋನು ಬಡಿದುಕೊಂಡಿತು. ಶೋಭಾ ಹಿತ್ತಿಲಿಗೆ ಹೋಗಿದ್ದಳು. ಸೆರಗು ಸರಿಮಾಡಿಕೊಂಡು ನಾನೇ ಎತ್ತಿದೆ.

"ಏನ್ರಿ ಇದು! ಬಸ್ಸು ಬಂತು, ಬುಟ್ಟಿ ಬರಲಿಲ್ಲ. ಇಲ್ಲಿ ಮಂದಿ ತಾಟು ಹಿಡಕೊಂಡು ಕುಂತಾರ" ಎಂದು ಗಿರಿಜಕ್ಕನ ದನಿ.

"ತಪ್ಪಾಗೇತ್ರಿ ತಂಗಿ. ನಾಳಿಂದ ಹಿಟ್ಟು ನಾ ನಾದತೀನ್ರಿ."

"ನೀವ್ಯಾರ್ರಿ?"

"ಶೋಭಾನ ಅತ್ತಿ ಅದೀನ್ರಿ."

"ನಿಮಗ ವಯಸ್ಸಾಗೇತಿ, ಒಲಿ ಮುಂದ ಬಿಡಂಗಿಲ್ಲ ಅಂತಿದ್ಲಲ್ರಿ ಶೋಭಾ?"

"ವಯಸ್ಸು ಕಣ್ಣಿಗೆ ಆಗೇತ್ರಿ, ಕೈಗೆ ಆಗಿಲ್ಲ. ಹಿಟ್ಟು ನಾದಾಕ ಕಣ್ಣ ಯಾಕ ಬೇಕ್ರಿ?"

ಆ ಕಡೆಯಿಂದ ನಗು ಕೇಳಿಸಿತು. "ಆತು, ನಾಳಿ ನೋಡತೀನ್ರಿ. ಇನ್ನೊಮ್ಮೆ ಹಿಂಗಾತಂದ್ರ ಬ್ಯಾರೆಯವರಿಗೆ ಹೇಳಿಬಿಡಾಕಿ, ಮತ್ತ ಮುನಿಸು ಮಾಡಬ್ಯಾಡ್ರಿ."

ಅಷ್ಟು ಮಾತಾಡಿದ್ದು ನಾನೇ ಏನು ಎಂದುಕೊಳ್ಳುತ್ತಾ ಫೋನು ಇಟ್ಟು, ಇನ್ನೊಮ್ಮೆ ಸೆರಗು ಸರಿಮಾಡಿಕೊಂಡೆ.

ಮರುದಿನದಿಂದ ನಮ್ಮ ಬೆಳಗು ಬದಲಾಯಿತು. ನೇತ್ರಾ ಒಲೆ ಹಚ್ಚಿ ನೀರು ಕುದಿಸುತ್ತಾಳೆ. ನಾನು ಮೊದಲ ಹಿಟ್ಟು ನಾದುತ್ತೇನೆ. ಹಂಚು ಕಾಯುವವರೆಗೆ ಶೋಭಾ ಹೊಸ್ತಿಲ ಮೇಲೆ ಕೂತು ಚಹಾ ಕುಡಿಯುತ್ತಾಳೆ. ಮೊದಲ ದಿನ ಒಂದು ಗುಟುಕು ಕುಡಿದವಳೇ ಹೊರಳಿ ನೋಡಿ, "ಅತ್ತೀ, ಚಾ ಬಿಸಿ ಐತ್ರಿ" ಅಂದಳು. ಏನೋ ಸೋಜಿಗ ಕಂಡವಳ ಹಾಗೆ ಅಂದಳು. ಈ ಮನೆಗೆ ಬಂದಾಗಿನಿಂದ ಅವಳ ಚಹಾ ಒಲೆಯ ಬಾಜೂ ಕೂತು ಕೂತು ಆರಿದ ಮೇಲೆಯೇ ಅವಳ ಬಾಯಿಗೆ ಹೋಗುತ್ತಿತ್ತು ಎಂಬುದು ನನಗೂ ಅವತ್ತೇ ಲಕ್ಷ್ಯಕ್ಕೆ ಬಂತು.

ಅವಳು ಕಣ್ಣು ಮುಚ್ಚುವುದಿಲ್ಲ. ಬೀದಿ ನೋಡುತ್ತಾಳೆ, ಹೋಗುವವರನ್ನು ಮಾತಾಡಿಸುತ್ತಾಳೆ. ಒಂದು ತಾಸೂ ಇಲ್ಲ, ಹಂಚು ಕಾಯುವಷ್ಟು ಹೊತ್ತು, ಅಷ್ಟೆ. ಇದರಿಂದ ಅವಳು ಕೋಟ್ಯಧೀಶೆ ಆಗುವ ಲಕ್ಷಣ ಇನ್ನೂ ಕಂಡಿಲ್ಲ. ಎರಡನೆಯ ಬುಟ್ಟಿಯ ಮಾತನ್ನು ಗಿರಿಜಕ್ಕ ಶ್ರಾವಣ ಬರಲಿ ಎಂದು ಮುಂದಕ್ಕೆ ಹಾಕಿದ್ದಾಳೆ. ಆದರೆ ಆಮೇಲೆ ಬುಟ್ಟಿ ಒಂದು ದಿನವೂ ತಪ್ಪಿಲ್ಲ. ರೊಟ್ಟಿ ಈಗ ಮೊದಲಿಗಿಂತ ತೆಳ್ಳಗೆ ಬರುತ್ತವೆ ಎಂದು ಆಕೆಯೇ ಹೇಳಿ ಕಳಿಸಿದಳು.

ಹಾಗಾದರೆ ನೇತ್ರಾಳ ಮೊಬೈಲಿನ ಆ ಮನುಷ್ಯ ಹೇಳಿದ್ದು ಪೂರಾ ಸುಳ್ಳು ಎನ್ನಲು ನನಗೆ ಬಾಯಿ ಬರುವುದಿಲ್ಲ. ಬೆಳಿಗ್ಗೆ ಒಂದಿಷ್ಟು ಹೊತ್ತು ತನ್ನದಾಗಿರುವುದು ಒಳ್ಳೆಯದೇ. ಒಬ್ಬರು ಹಾಗೆ ಕೂತಾಗ ಅವರ ಹಿಟ್ಟನ್ನು ಇನ್ನಾರೋ ನಾದುತ್ತಿರುತ್ತಾರೆ ಎಂಬುದನ್ನೂ ಅವನು ಒಂದು ಮಾತು ಹೇಳಿದ್ದರೆ ಚೆನ್ನಾಗಿತ್ತು. ಗೌಡಶಾನಿಗೆ ನಾಕು ಮಂದಿ ಇದ್ದರು. ಶೋಭಾಳಿಗೆ ನಾವಿಬ್ಬರು ಇದ್ದೇವೆ. ನೀವು ಯಾರದಾದರೂ ಬೆಳಗನ್ನು ನೋಡಿ ಆಸೆಪಟ್ಟರೆ ಅವರ ಅಡುಗೆಮನೆಯಲ್ಲೂ ಒಮ್ಮೆ ಇಣುಕಿ ನೋಡಿ, ಮಕ್ಕಳೇ. ನಿಮ್ಮದರಲ್ಲೂ ನೋಡಿ.

ಮೊನ್ನೆ ಬುಟ್ಟಿ ಕಳಿಸಿ ಬಂದ ಶೋಭಾ, "ನಿಮ್ಮ ಚಾ ಯಾವಾಗ್ರಿ ಅತ್ತಿ?" ಎಂದು ಕೇಳಿದಳು. ಅಂದಿನಿಂದ ಬಸ್ಸು ಹೋದ ಮೇಲೆ ನನ್ನನ್ನು ಜಮಖಾನೆಯ ಮೇಲೆ ಕೂಡಿಸಿ, ಕೈಗೆ ಬಟ್ಟಲು ಕೊಟ್ಟು, ಏಳಬಾರದು ಎಂದು ಹುಕುಂ ಮಾಡಿ ಒಳಗೆ ಹೋಗುತ್ತಾಳೆ. ನಿಮಗೆ ಇದನ್ನು ಬರೆದದ್ದು ಆ ಹೊತ್ತಿನಲ್ಲೇ. ಬರೆಯುತ್ತಾ ಬರೆಯುತ್ತಾ ಚಹಾದ ಮೇಲೆ ಕೆನೆ ಕಟ್ಟತೊಡಗಿದೆ. ಶೋಭಾ ನೋಡಿದರೆ ಬಿಡುವವಳಲ್ಲ. ಪೂರ್ತಿ ಆರುವುದರೊಳಗೆ ಕುಡಿದುಬಿಡುತ್ತೇನೆ.