ಒಂದೇ ಹೆಸರಿನ ನಾಯಿಗಳು

ನಾನು ಮದುವೆಯಾಗಿ ಸೂಪಾ ಕಡೆಯ ಈ ಮನೆಗೆ ಬಂದಾಗ ಅಂಗಳದ ಪೇರಲ ಗಿಡಕ್ಕೆ ಕಂದು ಬಣ್ಣದ ನಾಯಿಯೊಂದನ್ನು ಕಟ್ಟಿದ್ದರು. ಕೆಲವು ತಿಂಗಳಾದ ಮೇಲೆ ಅದೇ ಗಿಡಕ್ಕೆ ಕರಿಯ ನಾಯಿ ಬಂತು, ಆಮೇಲೆ ಬಿಳಿ ಮಚ್ಚೆಯದು. ಮೂರಕ್ಕೂ ಒಂದೇ ಹೆಸರು. ನಮ್ಮ ಓಣಿಯಲ್ಲಿ ಎಲ್ಲರದೂ ಹಾಗೆಯೇ. ನಾಯಿ ಬದಲಾಗುತ್ತದೆ, ಹೆಸರು ಮತ್ತು ಸರಪಳಿ ಮಾತ್ರ ಹಳೆಯವೇ. ಮನೆಯ ಹಿಂದೆಯೇ ಕಾಡು, ಕತ್ತಲಾದರೆ ಚಿರತೆ ಇಳಿಯುತ್ತದೆ. ಇಲ್ಲಿಯವರು ಅದರ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. "ನಾಯಿನ್ನ ಅದು ಒಯ್ತು" ಎನ್ನುತ್ತಾರೆ, ಹಾಲು ಉಕ್ಕಿತು ಎಂದಷ್ಟೇ ಸಲೀಸಾಗಿ.

ನನ್ನ ತವರು ಮುಂಡಗೋಡ ತಾಲೂಕಿನ ಅತ್ತಿವೇರಿಯ ಹತ್ತಿರ. ನಮ್ಮ ನಾಯಿ ಅಲ್ಲಿ ಹಲ್ಲು ಉದುರುವ ತನಕ ಬದುಕಿತ್ತು. ಅವ್ವ ಅದಕ್ಕೆ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಹಾಕುತ್ತಿದ್ದಳು. ಹಾಗಾಗಿ ಇಲ್ಲಿಯವರ ಈ ಸಲೀಸು ಕಂಡರೆ ನನಗೆ ಮೈ ಉರಿಯುತ್ತಿತ್ತು. ಬೇರೆ ಹೆಸರು ಯಾಕೆ ಇಡುವುದಿಲ್ಲ ಎಂದು ಒಮ್ಮೆ ಅತ್ತೆಯನ್ನು ಕೇಳಿಯೇಬಿಟ್ಟೆ.

"ಹೊಸಾ ಹೆಸರು ಇಟ್ಟರ ಹೊಸದಾಗಿ ಅಳಬೇಕಾಗ್ತೈತಿ," ಎಂದರು ಅವರು, ಸೊಪ್ಪು ಸೋಸುತ್ತಲೇ.

ಮೂರನೆಯದು ಹೋದ ಮೇಲೆ ಗಿಡ ಕೆಲವು ವರ್ಷ ಖಾಲಿ ಇತ್ತು. ಅಷ್ಟರಲ್ಲಿ ಶಾಲೆಗೆ ಹೋಗುವಷ್ಟು ದೊಡ್ಡವಳಾಗಿದ್ದ ಮಗಳು ನಾಯಿ ಬೇಕೆಂದು ಹಟ ಹಿಡಿದಳು. ಕಳೆದ ವರ್ಷ ದೀಪಾವಳಿ ಮುಗಿಯುತ್ತಿದ್ದಂತೆ ನನ್ನ ಗಂಡ ಹಳಿಯಾಳದ ಕಿರಾಣಿ ಅಂಗಡಿಯವರ ಮನೆಯಲ್ಲಿ ಹುಟ್ಟಿದ ಮರಿಯೊಂದನ್ನು ರಟ್ಟಿನ ಡಬ್ಬಿಯಲ್ಲಿ ತಂದೇಬಿಟ್ಟರು. ಮನೆಯಲ್ಲಿ ಯಾರನ್ನೂ ಒಂದು ಮಾತು ಕೇಳಿರಲಿಲ್ಲ. ಕಿವಿ ಇನ್ನೂ ನಿಲ್ಲದ ಮರಿ ಅದು, ಮೈಗಿಂತ ಹೊಟ್ಟೆಯೇ ದೊಡ್ಡದು. ಮಗಳ ಮಡಿಲಲ್ಲಿ ಕೂತು ಅವಳ ಫ್ರಾಕಿನ ಗುಂಡಿ ಜಗಿಯತೊಡಗಿತು. ಅತ್ತೆ ಸರಪಳಿ ತಂದು ತೊಳೆದಿಟ್ಟು, ಮರಿಯನ್ನು ಅದೇ ಹಳೆಯ ಹೆಸರಿನಿಂದ ಕರೆದರು.

"ಇದು ರಾತ್ರಿ ಎಲ್ಲಿ ಮಲಗ್ತೈತಿ?" ಎಂದು ಕೇಳಿದೆ.

 ಸೂಪಾ ಅಣೆಕಟ್ಟಿನ ಕೆಲಸಕ್ಕೆ ಬಂದಿದ್ದ, ಈಗಿಲ್ಲದ ಮಾವ ಇಲ್ಲೇ ಉಳಿದು ಕಟ್ಟಿಕೊಂಡ ಮನೆ ಇದು. ಎರಡು ಕೋಣೆ, ಒಂದು ಅಡುಗೆಮನೆ. ಮುಂದಿನ ಕೋಣೆಯಲ್ಲಿ ನಾವು ಮೂವರು ಮತ್ತು ಅತ್ತೆಯ ಮಂಚ. ಒಳಗಿನದರಲ್ಲಿ ಮೈದುನ, ಅವನ ಹೆಂಡತಿ, ಅವರ ಕೂಸು. ಅಡುಗೆಮನೆಯಲ್ಲೇ ದೇವರ ಜಗಲಿ. ಅತ್ತೆ ಬೆಳಿಗ್ಗೆ ಅಲ್ಲಿಯೇ ಲಿಂಗಪೂಜೆಗೆ ಕೂಡುತ್ತಾರೆ. ಪೂಜೆಯಾಗದೆ ನೀರೂ ಮುಟ್ಟುವುದಿಲ್ಲ. ಹಾಸಿಗೆ ಬಿಡಿಸಿದ ಮೇಲೆ ಬಾಗಿಲಿಗೆ ಹೋಗಬೇಕೆಂದರೆ ಒಬ್ಬರನ್ನೊಬ್ಬರು ದಾಟಿಯೇ ಹೋಗಬೇಕು.

"ಎಲ್ಲಿ ಅಂದ್ರ? ಗಿಡದ ಬುಡಕ," ಎಂದರು ಗಂಡ. "ಎಲ್ಲಾರೂ ಹಂಗ ಸಾಕ್ತಾರ."

"ಎಲ್ಲಾರೂ ಹಂಗ ಕಳಕೋತಾರ."

"ಹಲಗಿ ಹೊಡದು ಗೂಡು ಮಾಡ್ತೇನಿ, ತಗೋ."

"ಬಾಜೂ ಮನಿಯವರೂ ಮಾಡಿದ್ರಲ್ಲಾ. ಹಲಗಿ ಅಷ್ಟ ಉಳೀತು."

ಅತ್ತೆ ನಡುವೆ ಬಾಯಿ ಹಾಕಿದರು. "ಬಚ್ಚಲಾ ಹೊರಗೈತಿ. ಹುಡುಗಿ ಕತ್ತಲಾಗ ಎದ್ದು ಹೋಗ್ತೈತಿ. ನಾಯಿ ಬೊಗಳದಿದ್ರ ಅದು ಅಂಗಳಕ್ಕ ಬಂದದ್ದು ನಮಗ ಹೆಂಗ ತಿಳೀಬೇಕು? ಇನ್ನ ಒಳಗ ನಾಯಿ ಅಡ್ಡಾಡಿದ್ರ ನಾ ಪೂಜಿ ಎಲ್ಲಿ ಮಾಡ್ಲಿ?"

ಮೈದುನನ ಹೆಂಡತಿ ಕೂಸನ್ನು ಎತ್ತಿಕೊಂಡು ಒಳಬಾಗಿಲಲ್ಲಿ ನಿಂತಿದ್ದಳು. "ಅಕ್ಕಾ, ಕೂಸಿಗೆ ಮೊದಲ ಉಬ್ಬಸ ಐತ್ರಿ," ಎಂದಳು ಮೆಲ್ಲಗೆ. ಅದೂ ಸುಳ್ಳಲ್ಲ. ಆ ಮಳೆಗಾಲದಲ್ಲೇ ಕೂಸಿಗೆ ಉಸಿರು ಹಿಡಿದು, ಎತ್ತಿಕೊಂಡು ದಾಂಡೇಲಿ ಆಸ್ಪತ್ರೆಗೆ ಓಡಿದ್ದೆವು.

ಎಲ್ಲರ ಮಾತಿನಲ್ಲೂ ನ್ಯಾಯವಿತ್ತು, ಎಲ್ಲರ ನ್ಯಾಯವೂ ಸೇರಿ ಮರಿಯನ್ನು ಗಿಡದ ಬುಡಕ್ಕೆ ತಳ್ಳುತ್ತಿತ್ತು. ನನ್ನ ಸಿಟ್ಟು ನೆತ್ತಿಗೇರಿದ್ದು ಅದಕ್ಕೇ. "ಒಳಗ ಜಾಗಾ ಇಲ್ಲಂದ್ರ ತರಬಾರದಿತ್ತು," ಎಂದೆ. ಗಂಡ "ಇವತ್ತೊಂದು ದಿನ ನೋಡೂಣು" ಎನ್ನುತ್ತ ಮರಿಯನ್ನು ಒಯ್ದು ಕಟ್ಟಿಬಂದರು. ಮಗಳು ನನ್ನನ್ನು ಮಲತಾಯಿಯನ್ನು ನೋಡುವ ಹಾಗೆ ನೋಡಿದಳು.

ಹೊತ್ತು ಮುಳುಗುತ್ತಿದ್ದಂತೆ ಹಿಂದಿನ ಗುಡ್ಡದಲ್ಲಿ ಮಂಗಗಳು ಕೆಮ್ಮಿದಂತೆ ಕೂಗತೊಡಗಿದವು. ಹಾಗೆ ಕೂಗಿದರೆ ಏನರ್ಥವೆಂದು ಓಣಿಗೆಲ್ಲ ಗೊತ್ತು. ಆಚೀಚೆ ಮನೆಗಳ ಬಾಗಿಲು ಹಾಕಿಕೊಂಡವು. ನಾವೂ ಅಗಳಿ ಹಾಕಿ ಊಟಕ್ಕೆ ಕುಳಿತೆವು. ಹೊರಗೆ ಮರಿ ಕುಂಯ್‌ಗುಡುತ್ತಿತ್ತು. ಮಗಳು ತಾಟು ಮುಟ್ಟದೆ ಕಿಟಕಿಯ ಸರಳು ಹಿಡಿದು ನಿಂತಿದ್ದಳು. 

ಆಮೇಲೆ ಮರಿಯ ದನಿ ನಿಂತುಹೋಯಿತು.

ನಾನು ಎಂಜಲು ಕೈಯಲ್ಲೇ ಅಗಳಿ ತೆಗೆದೆ. "ಏ, ನಿಂದ್ರು, ಬ್ಯಾಟರಿ ತರ್ತೇನಿ," ಎಂದು ಗಂಡ ಹಿಂದಿನಿಂದ ಅಂದದ್ದು ಕೇಳಿಸಿತು, ಆದರೆ ನಿಲ್ಲಲಿಲ್ಲ. ಮರಿ ಬದುಕಿತ್ತು. ಗಿಡದ ಬೊಡ್ಡೆಗೆ ಬೆನ್ನು ಒತ್ತಿಕೊಂಡು, ಉಚ್ಚೆ ಹೊಯ್ದುಕೊಂಡು, ಗುಡ್ಡದ ಕಡೆಗೇ ಕಣ್ಣು ನೆಟ್ಟು ಕುಳಿತಿತ್ತು. ಸರಪಳಿಯ ಕೊಕ್ಕೆಗೆ ಕೈ ಹಾಕಿದೆ, ಹಳೆಯ ತುಕ್ಕಿಗೆ ಅದು ಬೇಗ ಬಿಚ್ಚಲಿಲ್ಲ. ಅಂಗಳದ ಆಚೆ ಎಲೆ ಸರಿದ ಸದ್ದಾಯಿತು. ಗಾಳಿಯೂ ಇದ್ದೀತು, ನಾನು ತಿರುಗಿ ನೋಡಲಿಲ್ಲ. ಗಂಡ ಬ್ಯಾಟರಿ ಬೆಳಕು ಬಿಟ್ಟು ಜೋರಾಗಿ ಕೂಗು ಹಾಕಿದರು. ಕೊಕ್ಕೆ ಬಿಚ್ಚಿಕೊಂಡಿತು. ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಬಂದೆ, ಅವರು ಬಾಗಿಲು ಜಡಿದರು.

ಆ ರಾತ್ರಿ ಮರಿ ನಮ್ಮ ಕಾಲ ಬಳಿ ಮಲಗಿತು. ಅತ್ತೆ ಮಂಚದ ಮೇಲೆ ಕಾಲು ಮಡಚಿಕೊಂಡರು. ಮೈದುನನ ಹೆಂಡತಿ ಒಳಬಾಗಿಲ ಸಂದಿಗೆ ಹಳೆಯ ಸೀರೆ ತುರುಕಿದಳು. ಕೂಸು ಕೆಮ್ಮಿದಾಗಲೆಲ್ಲ ಎರಡೂ ಕೋಣೆಯವರು ಎದ್ದು ಕೂಡುತ್ತಿದ್ದೆವು. ಬೆಳಿಗ್ಗೆ ನೋಡಿದರೆ ಅತ್ತೆ ಅಡುಗೆಮನೆಯನ್ನೆಲ್ಲ ತೊಳೆದು, ನೆಲ ಆರಲೆಂದು ಗುಟುಕು ನೀರೂ ಕುಡಿಯದೆ ಕಾಯುತ್ತ ಕುಳಿತಿದ್ದರು. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ.

ಒಂದು ರಾತ್ರಿ ಹೇಗೋ ಕಳೆದುಹೋಗುತ್ತದೆ. ನಾಯಿ ಸಾಕುವುದೆಂದರೆ ಎಷ್ಟೋ ವರ್ಷ, ದಿನಾ ಸಂಜೆ. ದಿನಾ ಸಂಜೆ ಇದೇ ಜಗಳ ಎದ್ದರೆ ಒಂದು ದಿನ ನಾವೆಲ್ಲ ದಣಿಯುತ್ತೇವೆ, ದಣಿದ ದಿನ ಇದು ಹೊರಗೇ ಉಳಿಯುತ್ತದೆ. ಚಿರತೆಗಿಂತ ಆ ದಣಿವಿಗೆ ನಾನು ಹೆಚ್ಚು ಹೆದರಿದೆ. ಮರಿಯನ್ನು ವಾಪಸು ಕೊಟ್ಟುಬರುತ್ತೇನೆ ಎಂದಾಗ ಯಾರೂ ಬೇಡವೆನ್ನಲಿಲ್ಲ. ಮಗಳು ತಾನೂ ಬರುತ್ತೇನೆಂದು ಚಪ್ಪಲಿ ಮೆಟ್ಟಿಕೊಂಡಳು. ಬಸ್ಸಿನಲ್ಲಿ ಹಳಿಯಾಳದ ತನಕ ಮರಿಯನ್ನು ಅಪ್ಪಿಕೊಂಡು ಕುಳಿತಿದ್ದಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ಅವಳು ಅಳಲೂ ಇಲ್ಲ.

ಅಂಗಡಿಯವರು ನಮ್ಮನ್ನು ಕಂಡು ನಕ್ಕರು. "ಯಾಕ್ರೀ ಅಕ್ಕಾರ, ಒಂದ ದಿನಕ್ಕ ಬ್ಯಾಸರ ಆತೇನ್ರಿ?"

ನಡೆದದ್ದನ್ನು ಹೇಳಿದೆ. "ಅದಕ್ಕೇನಾತು, ಬಿಟ್ಟು ಹೋಗ್ರಿ. ಅಂಗಡಿ ಮುಂದ ಬಿದ್ದಿರ್ತೈತಿ," ಎಂದು ಅವರು ಕೈ ಚಾಚಿದರು. ಮಗಳು ಮರಿಯನ್ನು ಮುಂದಕ್ಕೆ ಹಿಡಿದಳು, ಆದರೆ ಬಿಡಲಿಲ್ಲ.

"ಕಾಕಾ, ಕತ್ತಲಾದ ಮ್ಯಾಲೆ ಇದನ್ನ ಒಳಗ ಕರಕೋರಿ."

"ಇದು ಪ್ಯಾಟಿ ಐತಿ ತಂಗಿ. ಇಲ್ಲಿ ಚಿರತಿ ಎಲ್ಲಿಂದ ಬರಬೇಕು?"

"ಬರಲಿಲ್ಲಂದ್ರೂ ಕರಕೋರಿ."

ಅವರ ನಗು ನಿಂತಿತು. ಅವರು ನನ್ನ ಕಡೆ ನೋಡಿದರು. ಅವರು "ಹೂಂ" ಎನ್ನುವ ತನಕ ಅವಳು ಮರಿಯನ್ನು ಕೈಬಿಡಲಿಲ್ಲ.