ಥರ್ಮಾಕೋಲ್ ಅಕ್ಷರಗಳ ಸರಸಕ್ಕ

ಕಾಪುವಿನ ಸರಸಕ್ಕ ಕಲಿತದ್ದು ಕನ್ನಡ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ಅನಂತರ ಹತ್ತೊಂಬತ್ತು ವರ್ಷ ಬೀಡಿ ಕಟ್ಟಿದರು. ಈಗ ಅವರಿಗೆ ಐವತ್ತೆರಡು. ಮದುವೆ, ಬರ್ತ್‌ಡೇ, ಶಾಲೆಯ ವಾರ್ಷಿಕೋತ್ಸವಗಳಲ್ಲಿ ವೇದಿಕೆಯ ಹಿಂದಿನ ಪರದೆಗೆ ಥರ್ಮಾಕೋಲಿನ ಅಕ್ಷರ ಕತ್ತರಿಸಿ, ಬಣ್ಣ ಹಚ್ಚಿ, ಗುಂಡುಸೂಜಿಯಿಂದ ನಿಲ್ಲಿಸುವುದು ಅವರ ಕೆಲಸ. ಕೆಲಸ ಕೊಡುವವರು ಬೆಳ್ಮಣ್ಣಿನಲ್ಲಿ ಡೆಕೊರೇಶನ್ ಅಂಗಡಿ ಇಟ್ಟಿರುವ ರೇಮಂಡ್. ಕ್ರೈಸ್ತರನ್ನು ಕರೆಯುವ ಊರಿನ ರೂಢಿಯಂತೆ ಸರಸಕ್ಕ ಅವರನ್ನು ಪೊರ್ಬುಗಳೇ ಎಂದು ಕರೆಯುತ್ತಾರೆ.

ಕಾರ್ಯಕ್ರಮ ಮುಗಿದ ಮೇಲೆ ಅಕ್ಷರಗಳನ್ನು ಎಸೆಯುವುದಿಲ್ಲ. ಸೂಜಿ ಬಿಡಿಸಿ, ಧೂಳು ಊದಿ, ಬಿಸ್ಕತ್ತಿನ ದೊಡ್ಡ ಡಬ್ಬದಲ್ಲಿ ಇಡುತ್ತಾರೆ. ಮುಂದಿನ ಬೋರ್ಡಿಗೆ ಅದರಿಂದಲೇ ಆರಿಸುವುದು. ಡಬ್ಬದಲ್ಲಿ ಎಮ್ ಇಲ್ಲದಿದ್ದರೆ ಡಬ್ಲ್ಯುವನ್ನು ತಲೆಕೆಳಗು ಮಾಡುತ್ತಾರೆ. ಝಡ್ ಬೇಕಾದರೆ ಎನ್ ಅನ್ನು ಮಗ್ಗುಲಿಗೆ ಮಲಗಿಸುತ್ತಾರೆ.

ಸರಸಕ್ಕನ ಬಳಿ ಒಂದು ನೋಟ್‌ಬುಕ್ ಉಂಟು. ಉಡುಪಿಯ ಬನ್ನಂಜೆಯಲ್ಲಿ ಒಂದು ಬರ್ತ್‌ಡೇ ಬೋರ್ಡಿಗೆ ಎರಡು ಅಕ್ಷರ ಕಡಿಮೆ ಬಿದ್ದು ಎಲ್ಲರೆದುರು ಬೈಸಿಕೊಂಡ ಮರುದಿನ, ಇನ್ನು ಮುಂದೆ ಇದ್ದ ಅಕ್ಷರಗಳಲ್ಲೇ ಬೇರೆ ಪದ ಸಿಗಲಿ ಎಂದು ಅದನ್ನು ಶುರುಮಾಡಿದರು. ಅದು ಎಬಿಸಿಡಿಯ ಕ್ರಮದಲ್ಲಿ ಇಲ್ಲ. ಪುಟದ ತಲೆಯಲ್ಲಿ ಎರಡೋ ಮೂರೋ ಅಕ್ಷರ, ಕೆಳಗೆ ಆ ಅಕ್ಷರಗಳೆಲ್ಲ ಇರುವ ಇಂಗ್ಲಿಷ್ ಪದಗಳು. ಬಸ್ಸಿನ ಮೇಲೆ, ಔಷಧದ ಡಬ್ಬಿಯ ಮೇಲೆ, ಆಮಂತ್ರಣದಲ್ಲಿ ಕಂಡ ಪದವನ್ನು ಒಂದೊಂದೇ ಅಕ್ಷರ ನೋಡಿ ಬರೆದುಕೊಳ್ಳುತ್ತಾರೆ. ಪಕ್ಕದಲ್ಲಿ ಅರ್ಥ, ಅದನ್ನು ಯಾವ ಊರಿನ ಹಾಲ್‌ನಲ್ಲಿ ಯಾವ ಕಾರ್ಯಕ್ರಮಕ್ಕೆ ಹಾಕಿದ್ದು ಎನ್ನುವುದು ಕನ್ನಡದಲ್ಲಿ. ಹನ್ನೆರಡು ವರ್ಷಗಳಲ್ಲಿ ಇಂಥ ಪುಟ ನೂರ ನಲವತ್ತು ದಾಟಿದೆ.

ಆದರೂ ಇಂಗ್ಲಿಷ್ ಬೋರ್ಡಿನ ಮಾತು ಬಂದಾಗ ರೇಮಂಡ್ ತಮ್ಮ ಅಣ್ಣನ ಮಗ ಇವಾನನನ್ನೇ ಕೇಳುತ್ತಿದ್ದರು. ಇವಾನ್ ನಿಟ್ಟೆಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಅವನು ಫೋನಿನಲ್ಲಿ ನೋಡಿ ಸರಿ ಎಂದು ಹೇಳುವವರೆಗೆ ಸರಸಕ್ಕ ಒಂದು ಸೂಜಿಯನ್ನೂ ಚುಚ್ಚುವಂತಿರಲಿಲ್ಲ. ಅವನಿಗೆ ಪರೀಕ್ಷೆ ಇದ್ದರೆ ಇವರು ಸಂಜೆಯವರೆಗೂ ಕಾಯುತ್ತಾ ಕೂರಬೇಕು. ಕಾರ್ಯಕ್ರಮ ಮಾಡಿಸುವ ಪಾರ್ಟಿಯವರಿಗೆ ಸರಸಕ್ಕ ಅಕ್ಷರ ಕತ್ತರಿಸುವವರು ಎಂದು ಮಾತ್ರ ಗೊತ್ತು.

ಕಳೆದ ಏಪ್ರಿಲ್‌ನ ಒಂದು ಭಾನುವಾರ ಕಾರ್ಕಳದ ಹಾಲಿನಲ್ಲಿ ಪೀಟರ್ ಮತ್ತು ಗ್ಲ್ಯಾಡಿಸ್ ದಂಪತಿಯ ಮದುವೆಯ ಐವತ್ತನೆಯ ವರ್ಷದ ಸಮಾರಂಭವಿತ್ತು. ಮಧ್ಯಾಹ್ನ ಟೆಂಪೊ ಹತ್ತುವ ಮೊದಲೇ ಸರಸಕ್ಕ ಫೋನು ಮಾಡಿ ಕೇಳಿದ್ದರು.

"ಪೊರ್ಬುಗಳೇ, ಇನ್ನು ಇಂಗ್ಲಿಷ್ ಬೋರ್ಡು ಪೂರ್ತಿ ನನಗೆ ಬಿಡಿ. ಪದವೂ ನನ್ನದೇ. ಇವಾನನನ್ನು ಕೇಳುವುದು ಬೇಡ. ಆಗದಿದ್ದರೆ ಈಗಲೇ ಹೇಳಿ, ಮೇ ತಿಂಗಳಿಗೆ ನಾನು ಬೇರೆಯವರ ಹತ್ತಿರ ಹೋಗುತ್ತೇನೆ."

"ನೋಡುವ ಸರಸಕ್ಕ" ಎಂದು ರೇಮಂಡ್ ಫೋನು ಇಟ್ಟಿದ್ದರು.

ಎರಡು ಚೀಲಗಳಿದ್ದವು. ಒಂದರಲ್ಲಿ ದಂಪತಿಯ ಹೆಸರು, ಇನ್ನೊಂದರಲ್ಲಿ ಗೋಲ್ಡನ್ ಜುಬಿಲಿ. ಹೆಸರಿನ ಚೀಲವನ್ನು ಸರಸಕ್ಕ ಮುಂದಿನ ಸೀಟಿನಲ್ಲಿ ಮಡಿಲಿನಲ್ಲೇ ಇಟ್ಟುಕೊಂಡಿದ್ದರು. ಇನ್ನೊಂದನ್ನು ಬಿಸ್ಕತ್ತಿನ ಡಬ್ಬದ ಜೊತೆ ಹಿಂದೆ ಇಟ್ಟಿದ್ದರು. ಬೆಳ್ಮಣ್ಣಿನಲ್ಲಿ ರೇಮಂಡ್ ಹಿಂದೆ ಹತ್ತಿ, ಹೂವಿನ ಕಮಾನನ್ನು ಎರಡೂ ಕೈಯಲ್ಲಿ ಹಿಡಿದು, ಮೆತ್ತಗೆ ಕಂಡದ್ದರ ಮೇಲೆ ಕೂತರು. ಕಾರ್ಕಳದಲ್ಲಿ ಚೀಲ ಬಿಚ್ಚಿದಾಗ ಜೆ ಎರಡು ತುಂಡು, ಯು ಮೂರು ತುಂಡು. ಬಿ ಪುಡಿಯಾಗಿತ್ತು. ಒಂದು ಎಲ್ ಕೂಡ ಹೋಗಿತ್ತು.

"ಕುಶನ್ ಅಂತ ಮಾಡಿದ್ದೆ ಮಾರಾಯ್ತಿ" ಎಂದರು ರೇಮಂಡ್.

"ಪುಣ್ಯಕ್ಕೆ ಕೇಕಿನ ಮೇಲೆ ಕೂರಲಿಲ್ಲ."

ಆಗ ನಾಲ್ಕು ಗಂಟೆ. ಆರೂವರೆಗೆ ಜನ ಬರುತ್ತಾರೆ. ಕತ್ತರಿಸುವ ಬಿಸಿ ತಂತಿ ಕಾಪುವಿನಲ್ಲಿತ್ತು. ಚಾಕುವಿನಲ್ಲಿ ಕೊಯ್ದರೆ ಅಂಚು ಉದುರುತ್ತದೆ. ಡಬ್ಬದಲ್ಲಿ ಬೇರೆ ಜೆ ಇರಲಿಲ್ಲ, ಬಿ ಶುಕ್ರವಾರದ ಬರ್ತ್‌ಡೇಗೆ ಹೋಗಿತ್ತು.

"ಗೋಲ್ಡನ್ ಅಂತ ಮಾತ್ರ ಹಾಕುವ" ಎಂದರು ರೇಮಂಡ್.

"ಚಿನ್ನದ ಅಂಗಡಿಯ ಓಪನಿಂಗ್ ಅಂತ ಜನ ಲಕ್ಕಿ ಡ್ರಾದ ಚೀಟಿ ಹಿಡಿದುಕೊಂಡು ಬಂದಾರು."

ರೇಮಂಡ್ ಇವಾನನಿಗೆ ಫೋನು ಮಾಡಿ, ಚೀಲದಲ್ಲಿ ಉಳಿದಿದ್ದ ಒಂಬತ್ತು ಅಕ್ಷರಗಳನ್ನು ಓದಿ ಹೇಳಿದರು. ಅಕ್ಷರ ಹಾಕಿದರೆ ಪದ ಹುಡುಕಿ ಕೊಡುವ ಆ್ಯಪ್ ಇವಾನನ ಮೊಬೈಲಿನಲ್ಲಿತ್ತು. ಎರಡು ನಿಮಿಷದಲ್ಲಿ ಉದ್ದದ ಪಟ್ಟಿ ಬಂತು. ರೇಮಂಡ್ ಅದನ್ನು ಗಟ್ಟಿಯಾಗಿ ಓದಿದರು.

"ಲಾಡ್ಜ್."

ಸರಸಕ್ಕ ತಲೆ ಎತ್ತಲಿಲ್ಲ. "ಕೆಳಗೆ ರೂಮಿನ ಬಾಡಿಗೆಯೂ ಬರೆಯುವುದಾ?"

"ಲೋನ್ ಅಂತ ಉಂಟು. ಒಂಟಿ ಅಂತೆ. ಬೇಡ. ಲೆಜೆಂಡ್ ಉಂಟು, ಇದು ಅಡ್ಡಿಲ್ಲ ಅಲ್ವಾ?"

"ಪೀಟರ್ ಪೊರ್ಬುಗಳು ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ನಾಚಿಕೆಯ ಮನುಷ್ಯ. ಅದನ್ನು ನೋಡಿದರೆ ವೇದಿಕೆ ಹತ್ತುವುದಿಲ್ಲ."

"ಹಾಗಾದರೆ ಎಂತ ಮಾಡುವುದು?"

"ನೀವು ಒಂಬತ್ತೇ ಅಕ್ಷರ ಕೊಟ್ಟದ್ದು. ನನ್ನ ಡಬ್ಬ ಎಣಿಸಲೇ ಇಲ್ಲ."

ಅವರು ಹಾಲಿನ ನೆಲದ ಮೇಲೆ ಹಳೆಯ ಸೀರೆ ಹಾಸಿ, ಉಳಿದ ಅಕ್ಷರಗಳನ್ನೂ ಡಬ್ಬದಲ್ಲಿದ್ದವನ್ನೂ ಸಾಲಾಗಿ ಇಟ್ಟರು. ಟಿ ಎರಡಿದ್ದವು. ಎಚ್ ಮತ್ತು ಆರ್ ಒಂದೊಂದು. ಅವರು ನೋಟ್‌ಬುಕ್ಕಿನಲ್ಲಿ ಜಿ, ಎಚ್, ಟಿ ಮೂರೂ ಇರುವ ಪುಟ ತೆಗೆದರು. ನೈಟ್, ಲೈಟ್, ಡಾಟರ್. ಬೆರಳು ಐದನೆಯ ಪದದ ಮೇಲೆ ನಿಂತಿತು. ಪಕ್ಕದಲ್ಲಿ ಅವರದೇ ಅಕ್ಷರ: 'ಒಟ್ಟಿಗೆ. ಕಾಪು ಹೈಸ್ಕೂಲಿನ ಹಳೆ ವಿದ್ಯಾರ್ಥಿಗಳು ಸೇರಿದ್ದು.'

"ಟುಗೆದರ್" ಎಂದರು ಸರಸಕ್ಕ. "ಎಂಟು ಅಕ್ಷರ. ಎಂಟೂ ಇಲ್ಲಿ ಉಂಟು."

"ಅದು ಗೆಟ್ ಟುಗೆದರಿಗೆ ಹಾಕುವುದಲ್ವಾ? ನಿಲ್ಲಿ, ಇವಾನನನ್ನು ಕೇಳುತ್ತೇನೆ."

"ಕೇಳಬೇಡಿ."

ರೇಮಂಡ್ ಫೋನು ಕೈಯಲ್ಲಿ ಹಿಡಿದು ನಿಂತರು.

"ಮೇಲೆ ಇಬ್ಬರ ಹೆಸರು, ಕೆಳಗೆ ಒಟ್ಟಿಗೆ. ಕೇಕಿನ ಮೇಜಿನ ಹಿಂದೆ ಚಿನ್ನದ ಕಾಗದದ ಐವತ್ತು ಹೇಗೂ ನಿಂತಿದೆ. ಇದಕ್ಕಿಂತ ಹೆಚ್ಚು ಎಂತ ಹೇಳಲಿಕ್ಕೆ ಉಂಟು? ತಪ್ಪಾದರೆ ಪಾರ್ಟಿಗೆ ನನ್ನ ಹೆಸರೇ ಹೇಳಿ."

ಅಷ್ಟು ಹೇಳಿ ಅವರು ಸೂಜಿಯ ಡಬ್ಬಿ ತೆಗೆದುಕೊಂಡು ಏಣಿ ಹತ್ತಿದರು. ಮೊದಲು ನೂಲು ಕಟ್ಟಿ ಸಾಲು ನೋಡಿಕೊಂಡರು. ಪ್ರತಿ ಅಕ್ಷರದ ನಡುವೆ ಮೂರು ಬೆರಳಿನ ಜಾಗ. ಒಂದು ಆರ್ ಸ್ವಲ್ಪ ವಾಲಿದಂತೆ ಕಂಡಾಗ ಕೆಳಗಿಳಿದು, ಹಾಲಿನ ಬಾಗಿಲಿನವರೆಗೆ ಹೋಗಿ ನೋಡಿ, ಮತ್ತೆ ಹತ್ತಿ ಸರಿಮಾಡಿದರು. ಐದೂಮುಕ್ಕಾಲಿಗೆ ಕೆಲಸ ಮುಗಿಯಿತು.

ದಂಪತಿಯ ಮಗಳು ಲೊರ್ನಾ ಮಣಿಪಾಲದಲ್ಲಿ ಕೆಲಸ ಮಾಡುತ್ತಾರೆ. ಎಲ್ಲರಿಗಿಂತ ಮೊದಲು ಒಳಗೆ ಬಂದವರು ಅವರೇ. ಬೋರ್ಡನ್ನು ಓದಿದರು.

"ನಾನು ಹೇಳಿದ್ದು ಗೋಲ್ಡನ್ ಜುಬಿಲಿ ಅಲ್ವಾ?"

"ಹೌದು ಲೊರ್ನಾ" ಎಂದರು ರೇಮಂಡ್. "ಅಕ್ಷರ ಮುರಿಯಿತು. ನನ್ನದೇ ತಪ್ಪು, ಅದರ ಮೇಲೆ ಕೂತದ್ದು ನಾನು."

"ಪಪ್ಪ ಹನ್ನೊಂದು ವರ್ಷ ಬಾಂಬೆ ಬಸ್ಸಿನಲ್ಲಿದ್ದರು. ಮನೆಗೆ ಬರುತ್ತಿದ್ದದ್ದು ತಿಂಗಳಿಗೆ ಎರಡು ಸಲ. ಮಮ್ಮಿ ಇದನ್ನು ಓದಿ ಪಪ್ಪನಿಗೆ ಒಟ್ಟಿಗೆ ಇದ್ದ ದಿನಗಳ ಲೆಕ್ಕ ಹೇಳದೆ ಬಿಡುವುದಿಲ್ಲ" ಎಂದು ಲೊರ್ನಾ ನಕ್ಕರು. "ಇದೇ ಇರಲಿ. ಜುಬಿಲಿ ಎಲ್ಲರದ್ದೂ ಇರುತ್ತದೆ. ಯಾರು ಹುಡುಕಿದ್ದು, ಇವಾನಾ?"

ರೇಮಂಡ್ ಒಮ್ಮೆ ಏಣಿಯ ಕಡೆ ನೋಡಿದರು. ಸರಸಕ್ಕ ಅಲ್ಲಿ ಉಳಿದ ಸೂಜಿಗಳನ್ನು ಎಣಿಸುತ್ತಿದ್ದರು, ಅಥವಾ ಎಣಿಸುವಂತೆ ನಟಿಸುತ್ತಿದ್ದರು.

"ಅಲ್ಲ. ನಮ್ಮ ಸರಸಕ್ಕ. ಇಂಗ್ಲಿಷ್ ಬೋರ್ಡು ನೋಡಿಕೊಳ್ಳುವುದು ಅವರೇ."

ಆ ಮಾತು ಕೇಳಿಸಿತು ಎಂದು ಸರಸಕ್ಕ ತೋರಿಸಿಕೊಳ್ಳಲಿಲ್ಲ. ಡಬ್ಬಿಯ ಮುಚ್ಚಳ ಹಾಕಿದರು.

ಏಳು ಗಂಟೆಗೆ, ಒಳಗೆ ಕೇಕು ಕತ್ತರಿಸುವಾಗ, ರೇಮಂಡರ ಫೋನು ರಿಂಗಾಯಿತು. ಮೇ ತಿಂಗಳಲ್ಲಿ ಮದುವೆ ಇರುವ ಶಿರ್ವದ ಒಂದು ಮನೆಯವರು. ಬೋರ್ಡಿನಲ್ಲಿ ಎಂತ ಬರೆಯುವುದು ಎಂದು ಅವರು ಕೇಳಿದಾಗ, ರೇಮಂಡ್ "ಒಂದು ನಿಮಿಷ" ಎಂದು ಹೇಳಿ ಫೋನನ್ನು ಸರಸಕ್ಕನ ಕೈಗೆ ಕೊಟ್ಟು ಊಟದ ಕಡೆ ಹೋದರು.

ಸರಸಕ್ಕ ಜಗಲಿಯ ಬೆಂಚಿನಲ್ಲಿ ಕೂತು, ನೋಟ್‌ಬುಕ್ಕಿನ ಹೊಸ ಪುಟ ಬಿಡಿಸಿದರು.

"ಹ್ಞಾಂ, ನಾನೇ ಬೋರ್ಡಿನವಳು. ಹುಡುಗ ಹುಡುಗಿಯ ಹೆಸರು ಹೇಳಿ. ನಿಧಾನಕ್ಕೆ, ಒಂದೊಂದೇ ಅಕ್ಷರ."