ಲೈಟ್ ಚಾಲೂ ಅದ್ರಿ

ಧಮ್ಮಪಾಲನನ್ನು ನಾನು ಮೊದಲು ಕಂಡದ್ದು ಅವನು ನನ್ನ ಮನೆ ಮುಂದಿನ ಕಟ್ಟೆ ಒಡೆಯುತ್ತಿದ್ದಾಗ. ನಾರಾಯಣಪುರದ ಪಂಚಾಯ್ತಿಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ.

"ಯಾರಪಾ ನೀ? ಕಟ್ಟಿ ಯಾಕ ಒಡ್ಯಾಕತ್ತಿ?"

"ಪಂಚಾಯ್ತಿಗೆ ಇಂಟರ್ನೆಟ್ ಬರಾಕತ್ತದ, ಆಯಿ."

"ಬರಲಿ. ಬಾಗಲದಿಂದ ಬರಾಕ ಅದಕೇನ್ ರೋಗ?"

ಗುದ್ದಲಿ ಬಿಟ್ಟು ನಕ್ಕ. ಕೇಬಲ್ ಹೂತ ಮೇಲೆ ತಾನೇ ಸಿಮೆಂಟು ಕಲಸಿ ಕಟ್ಟೆಯನ್ನು ಮೊದಲಿಗಿಂತ ನುಣ್ಣಗೆ ಮಾಡಿಕೊಟ್ಟ. ಗುತ್ತಿಗೆಯವರು ಮುಂದೆ ಪಂಚಾಯ್ತಿಯೊಳಗಿನ ನೆಟ್ ಪೆಟ್ಟಿಗೆ ನೋಡಿಕೊಳ್ಳಲು ಅವನನ್ನೇ ಇಟ್ಟರು. ದಿನಾ ಹುಮನಾಬಾದಿನಿಂದ ಬಸ್ಸಿಗೆ ಬರುತ್ತಿದ್ದ, ನನ್ನ ಕಟ್ಟೆಯ ಮೇಲೆ ಬುತ್ತಿ ಬಿಚ್ಚುತ್ತಿದ್ದ.

ಬಸವಕಲ್ಯಾಣದ ರಸ್ತೆ ಅಗಲ ಮಾಡುವಾಗ ಜೆಸಿಬಿ ಆ ಕೇಬಲನ್ನು ಕಡಿಯಿತು. ಧಮ್ಮಪಾಲ ಗುತ್ತಿಗೆಯವರಿಗೆ ಫೋನು ಮಾಡಿ ಮಾಡಿ ಸೋತ. ಯಾರೂ ಬರಲಿಲ್ಲ.

ಬಂದವರು ರಾಜ್ಯದ ತಪಾಸಣೆಯವರು, ಹಳ್ಳಿಗೆ ನೆಟ್ ಮುಟ್ಟಿದೆಯೋ ಇಲ್ಲವೋ ನೋಡಲು. ನಾನು ನೀರು ಕೊಡಲು ಹೋಗಿದ್ದೆ. ಪೆಟ್ಟಿಗೆಗೆ ಕರೆಂಟಿತ್ತು, ಹಸಿರು ಲೈಟ್ ಉರಿಯುತ್ತಿತ್ತು.

"ಚಾಲೂ ಇದೆಯೇನಪ್ಪಾ?" ಎಂದರು ಸಾಹೇಬರು.

"ಲೈಟ್ ಚಾಲೂ ಅದ್ರಿ ಸಾಹೇಬ್ರ, ಆದ್ರ ಹೊರಗ ಕೇಬಲ್ ಕಡದದ್ರಿ."

ಚಾಲೂ ಎಂದ ಕೂಡಲೆ ಅವರ ಪೆನ್ನು ಓಡಿತು. ಉಳಿದ ಮಾತು ಅವನು ಆಡುವಾಗ ಅವರು ಲೈಟಿನ ಫೋಟೋ ಹಿಡಿಯುತ್ತಿದ್ದರು. ನನಗೆ ಪೂರಾ ಕೇಳಿಸಿತ್ತು.

ಗೋಡೆಗೆ ಉಚಿತ ಇಂಟರ್ನೆಟ್ ಎಂಬ ಬೋರ್ಡು ಬಂತು. ಅದನ್ನು ನಂಬಿ ನಮ್ಮೂರ ತುಳಜಾರಾಮನ ಮಗಳು ಸೋನಾಲಿ ನರ್ಸಿಂಗ್ ಅರ್ಜಿ ಹಾಕಲು ಕಡೇ ದಿನ ಬಂದಳು. ಅಲ್ಲಾದರೆ ನೆಟ್ ಸಿಗುತ್ತದೆಂದು ಧಮ್ಮಪಾಲ ಅವಳನ್ನು ಬಸವಕಲ್ಯಾಣಕ್ಕೆ ಓಡಿಸಿದ. ಅವಳು ಮುಟ್ಟುವಷ್ಟರಲ್ಲಿ ಹೊತ್ತು ಮೀರಿತ್ತು. ತುಳಜಾರಾಮ ದೂರು ಕೊಟ್ಟ. ಸರ್ಕಾರವೇ ಚಾಲೂ ಎಂದು ಬರೆದಿದೆ, ನೆಟ್ ಬಂದ್ ಆಗಿದ್ದರೆ ನೋಡಿಕೊಳ್ಳುವವನದೇ ತಪ್ಪು ಎಂದು ಗುತ್ತಿಗೆಯವರು ಧಮ್ಮಪಾಲನನ್ನು ತೆಗೆದರು.

"ಭಾರಿ ಚಾಲೂ ಮನಶಾ," ಎಂದ ತುಳಜಾರಾಮ, ನನ್ನ ಕಟ್ಟೆಯ ಮೇಲೇ ಕೂತು. "ನೆಟ್ ಬಂದ್ ಇಟ್ಟು ಪಗಾರ ತಿಂದ."

ಸಾಕ್ಷಿ ಹೇಳಲು ಧಮ್ಮಪಾಲನ ಜೊತೆ ಹುಮನಾಬಾದಿನ ಗುತ್ತಿಗೆಯವರ ಕಚೇರಿಗೆ ಹೋದೆ.

"ಕೇಬಲ್ ಕಡದದ ಅಂತ ಇಂವ ಹೇಳ್ಯಾನ್ರಿ. ನಾ ಅಲ್ಲೇ ನಿಂತಿದ್ದೆ."

"ಆಯಿ, ನಿಮಗ ಓದಾಕ ಬರ್ತದೇನ್ರಿ?" ಎಂದು ಗುಮಾಸ್ತ ತಪಾಸಣೆಯ ಹಾಳೆಯನ್ನು ನನ್ನ ಕಡೆ ತಿರುಗಿಸಿದ.

ಬೆರಳಿಟ್ಟು ಕೂಡಿಸಿ ಓದಿದೆ. ಚಾ, ಲೂ. ಅದರ ಮುಂದೆ ಜಾಗ ಖಾಲಿ ಇತ್ತು.

"ಉಳದ ಮಾತು ಎಲ್ಲಿ ಹೋತ್ರಿ?"

"ಸಾಹೇಬ್ರ ಸಹಿ ಆಗ್ಯದ. ಇನ್ನ ನೀವು ಬರ್ರಿ, ಆಯಿ."

ಬಸ್ ನಿಲ್ದಾಣದವರೆಗೆ ಧಮ್ಮಪಾಲ ನನ್ನ ಜೊತೆ ಬಂದ. ಅಂದಿನ ಮೇಲೆ ಅವನು ನಾರಾಯಣಪುರದ ಕಡೆ ಬಂದದ್ದಿಲ್ಲ. ನನ್ನನ್ನು ಬಸ್ಸಿಗೆ ಹತ್ತಿಸಿ, ಕಿಟಕಿಯ ಸರಳು ಹಿಡಿದು ಕೇಳಿದ:

"ಆಯಿ, ಮದಲ ಕೇಬಲಿನ ಮಾತು ಹೇಳಿ, ಆಮ್ಯಾಲ ಲೈಟಿಂದು ಹೇಳಿದ್ದರ, ಬರಕೋತಿದ್ದರೇನು?"